ಮಂಗನ ಕಾಯಿಲೆ ಬಂದವರ ಮನೆಗೆ ಹೋಗಬಹುದೇ?

ಹೋಗಬಹುದು. ರೋಗಿಯ ಪಕ್ಕದಲ್ಲೇ ಕೂತು, ಚಹಾ ಕುಡಿದು, ಆರಾಮಾಗಿ ಮಾತಾಡಿ ಬರಬಹುದು. ಮಂಗನ ಕಾಯಿಲೆ ಹೆಚ್ಚಾಗಿ ಕಾಡಿನ ಉಣುಗು (ಪ್ರಾಣಿಗಳ ಮೈಗೆ ಹತ್ತಿ ರಕ್ತ ಕುಡಿಯುವ ಪುಟ್ಟ ಜೀವಿ) ಕಚ್ಚಿ ಬರುವ ವೈರಸ್ ಜ್ವರ. ಅದು ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಹರಡಿದ್ದು ಇವತ್ತಿನವರೆಗೆ ದಾಖಲಾಗಿಲ್ಲ. ಈ ಕಾಯಿಲೆ ಪತ್ತೆಯಾಗಿದ್ದು 1957ರಲ್ಲಿ. ಇಷ್ಟು ವರ್ಷ ಆದರೂ ಉತ್ತರ ಕನ್ನಡದ ಸಿದ್ದಾಪುರ, ಹೊನ್ನಾವರ, ಶಿರಸಿ ಕಡೆ ಜ್ವರ ಬಂದ ಮನೆಯ ದಣಪೆ (ಅಂಗಳದ ಗೇಟು) ದಾಟಲಿಕ್ಕೆ ಕೆಲವರು ಹಿಂದೆ ಮುಂದೆ ನೋಡುತ್ತಾರೆ. ಕೊಯ್ಲಿಗೆ ಬರುತ್ತೇನೆ ಅಂದ ಆಳು ಬರುವುದಿಲ್ಲ. ನೆಂಟರು ಫೋನಿನಲ್ಲೇ ವಿಚಾರಿಸಿ ಮುಗಿಸುತ್ತಾರೆ. ಅದೇ ಜನ ಮಾರನೇ ದಿನ ಬರಿಗಾಲಲ್ಲಿ ದರಕು (ಒಣಗಿದ ತರಗೆಲೆ) ಗುಡಿಸಲಿಕ್ಕೆ ಸೊಪ್ಪಿನ ಬೆಟ್ಟಕ್ಕೆ, ಅಂದರೆ ಉಣುಗು ಇರುವ ಕಾಡಿಗೇ ಹೋಗುತ್ತಾರೆ! ಹೆದರಬೇಕಾದಲ್ಲಿ ಹೆದರುವುದಿಲ್ಲ, ಹೆದರಬಾರದಲ್ಲಿ ಹೆದರುತ್ತಾರೆ.

ಯಾಕೆ ಅಂತ ಹೇಳಬೇಕಾದರೆ ಉಣುಗಿನ ಸಂಸಾರದ ಕಥೆ ಹೇಳಲೇಬೇಕು, ಸ್ವಲ್ಪ ಉದ್ದ ಆಗುತ್ತೆ. ಈ ಉಣುಗು ಜೀವಮಾನದಲ್ಲಿ ಮೂರು ಸಲ ಹೊಟ್ಟೆ ತುಂಬ ರಕ್ತ ಕುಡಿಯುತ್ತೆ, ಮೂರು ಸಲವೂ ಬೇರೆ ಬೇರೆ ಪ್ರಾಣಿಯ ಮೈಮೇಲೆ. ಮಳೆಗಾಲದಲ್ಲಿ ಬೆಳೆದ ಹೆಣ್ಣು ಉಣುಗು ದನದಂಥ ದೊಡ್ಡ ಪ್ರಾಣಿಯ ರಕ್ತ ಕುಡಿದು ನೆಲಕ್ಕೆ ಬಿದ್ದು ತರಗೆಲೆಯ ನಡುವೆ ಸಾವಿರಾರು ಮೊಟ್ಟೆ ಇಡುತ್ತೆ. ಮಳೆ ನಿಂತ ಮೇಲೆ ಮೊಟ್ಟೆಯಿಂದ ಆರು ಕಾಲಿನ ಕೂಸು ಹೊರಬರುತ್ತೆ. ಅದು ಕಾಡಿಲಿ, ಹಕ್ಕಿ, ಮಂಗ ಹೀಗೆ ಸಿಕ್ಕಿದ್ದನ್ನು ಹತ್ತುತ್ತೆ. ರಕ್ತ ಕುಡಿದು, ಅದರಲ್ಲಿ ವೈರಸ್ ಇದ್ದರೆ ಅದನ್ನೂ ಒಳಗಿಟ್ಟುಕೊಂಡು, ಕೆಳಗೆ ಬಿದ್ದು, ಪೊರೆ ಕಳಚಿ ಎಂಟು ಕಾಲಿನ ಮರಿ ಆಗುತ್ತೆ. ನಮಗೆ ಕಾಯಿಲೆ ತರೋದು ಹೆಚ್ಚಾಗಿ ಈ ಮರಿ ಉಣುಗೇ. ಸಾಸಿವೆ ಕಾಳಿಗಿಂತ ಚಿಕ್ಕದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಇದರ ಸಂಖ್ಯೆ ಏರೋದು ಜನವರಿಯಿಂದ ಮಾರ್ಚ್ ಒಳಗೆ. ಅಡಿಕೆ ಕೊಯ್ಲು, ದರಕು ಒಟ್ಟುವುದು, ಸೌದೆ ತರುವುದು ಎಲ್ಲ ಅದೇ ಹೊತ್ತಿಗೆ, ಅಲ್ವಾ?

ಈಗ ಮಂಗ. ಮುಸಿಯ (ಕಪ್ಪು ಮೂತಿಯ, ಉದ್ದ ಬಾಲದ್ದು) ಮತ್ತು ಕೆಂಪು ಮೂತಿಯ ಮಂಗ ಎರಡಕ್ಕೂ ಈ ವೈರಸ್ ಮಾರಕ. ಅವುಗಳ ರಕ್ತದಲ್ಲಿ ವೈರಸ್ ವಿಪರೀತ ಹೆಚ್ಚುತ್ತೆ. ಮಂಗ ಸತ್ತು ಮೈ ತಣ್ಣಗಾಗುತ್ತಿದ್ದಂತೆ ರಕ್ತ ಕುಡಿದ ಉಣುಗುಗಳೆಲ್ಲ ಅಲ್ಲೇ ಉದುರುತ್ತವೆ. ಹಾಗಾಗಿ ಹೆಣದ ಸುತ್ತಲಿನ ನೆಲವೇ ಅಪಾಯ. ಆರೋಗ್ಯ ಇಲಾಖೆಯವರು ಸುತ್ತ 50 ಮೀಟರ್ ಕೀಟನಾಶಕದ ಪುಡಿ ಉದುರಿಸೋದು ಇದಕ್ಕೇ. ನಮ್ಮಲ್ಲಿ ಸತ್ತ ಮಂಗನನ್ನು ಹನುಮಂತ ಅಂತ ಹೊತ್ತು ತಂದು, ನಾಲ್ಕು ಜನ ಸೇರಿ ಹೂವು ಹಾಕಿ ಹುಗಿಯುವ ರೂಢಿ ಇದೆ. ಭಕ್ತಿ ದೊಡ್ಡದೇ ಇರಲಿ, ಉಣುಗಿಗೆ ಅದು ತಿಳಿಯುವುದಿಲ್ಲ. ಮಂಗನಿಗೆ ಕಲ್ಲು ಹೊಡೆದು ಓಡಿಸುವವರಿಗೂ ಒಂದು ಮಾತು: ಅದೂ ಕಾಯಿಲೆ ಬಿದ್ದ ಬಡಪಾಯಿ. ಓಡಿಸಿದರೆ ಪಕ್ಕದ ಬೆಟ್ಟದಲ್ಲಿ ಹೋಗಿ ಸಾಯುತ್ತೆ, ಅಷ್ಟೇ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಗಾಬರಿಯಾಗಿತ್ತು. ಭಾರತಕ್ಕೆ ಎಂದೂ ಬಾರದ ಹಳದಿ ಜ್ವರ ಬಂತಾ ಅಂತ. ನೋಡಿದರೆ ಬೇರೆಯೇ ವೈರಸ್, ಸೈಬೀರಿಯಾ ಕಡೆಯ ಉಣುಗು ಜ್ವರಗಳ ದಾಯಾದಿ. ಅಷ್ಟು ದೂರದಿಂದ ಹಕ್ಕಿಗಳ ಮೈಮೇಲೆ ಬಂದಿರಬಹುದಾ ಅಂತ ಅನುಮಾನ ಬಂದು, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ ಹಕ್ಕಿ ತಜ್ಞ ಸಲೀಂ ಅಲಿ ಮತ್ತು ಸಂಗಡಿಗರು ಸಾವಿರಾರು ಹಕ್ಕಿ ಹಿಡಿದು ಕಾಲಿಗೆ ಉಂಗುರ ಹಾಕಿದರು. ಸೈಬೀರಿಯಾದ ಕಥೆ ಸಾಬೀತಾಗಲಿಲ್ಲ. ನಮ್ಮ ದೇಶದ ಹಕ್ಕಿ ವಲಸೆಯ ಅಧ್ಯಯನಕ್ಕೆ ಮಾತ್ರ ದೊಡ್ಡ ಬಲ ಸಿಕ್ಕಿತು. ಮಂಗ ಸತ್ತಿದ್ದರಿಂದ ಹಕ್ಕಿಶಾಸ್ತ್ರಕ್ಕೆ ಲಾಭ, ವಿಜ್ಞಾನ ಹೀಗೂ ನಡೆಯುತ್ತೆ.

ಇರಲಿ, ಮನುಷ್ಯನ ವಿಷಯಕ್ಕೆ ಬರೋಣ. ವೈರಸ್ ಪಾಲಿಗೆ ನಾವು ಹೋಗಲಿಕ್ಕೆ ಬಸ್ಸಿದ್ದು ವಾಪಸ್ ಬರಲಿಕ್ಕೆ ಬಸ್ಸಿಲ್ಲದ ಊರು. ನಮ್ಮ ರಕ್ತದಲ್ಲೂ ಕೆಲವು ದಿನ ವೈರಸ್ ಇರುತ್ತೆ ನಿಜ. ಆದರೆ ಅದು ಹೊರಗೆ ಹೋಗಬೇಕಾದರೆ ಉಣುಗು ನಮ್ಮ ಮೈಮೇಲೆ ದಿನಗಟ್ಟಲೆ ಕೂತು ಕುಡಿದು ಮತ್ತೆ ಕಾಡು ಸೇರಬೇಕು. ನಾವು ತುರಿಸಿ ಕಿತ್ತೆಸೆಯುತ್ತೇವೆ, ಇಲ್ಲ ಬಚ್ಚಲಲ್ಲಿ ಉಜ್ಜಿ ಕಳೆಯುತ್ತೇವೆ. ಕೆಮ್ಮು, ಮುಟ್ಟುವುದು, ಜೊತೆಗೆ ಉಣ್ಣುವುದು, ಇದ್ಯಾವುದರಿಂದಲೂ ಹರಡುವುದಿಲ್ಲ. ಪ್ರಯೋಗಾಲಯದಲ್ಲಿ ವೈರಸ್ಸನ್ನೇ ಬೆಳೆಸುವ ಕೆಲಸ ಮಾಡಿದವರಿಗೆ ಬಂದದ್ದುಂಟು, ಅದು ಬೇರೆ ಮಾತು.

ಹಾಗಾದರೆ ನೆರೆಯವರು ದೂರ ಸರಿದರೆ ನಷ್ಟ ಏನು? ಮೊದಲನೆಯದು, ಸುದ್ದಿ ನಿಲ್ಲುತ್ತೆ. ಯಾವ ಬೆಟ್ಟದಲ್ಲಿ ಮಂಗ ಸತ್ತಿದೆ ಅಂತ ಮೊದಲು ಗೊತ್ತಾಗೋದು ದನ ಕಾಯುವವರಿಗೆ, ಸೊಪ್ಪು ಕಡಿಯುವವರಿಗೆ. ಅದು ಊರಿಗೆಲ್ಲ ತಿಳಿಯೋದು ರಾತ್ರಿ ಅಡಿಕೆ ಸುಲಿಯುವಾಗ, ಮೆಟ್ಟುಗತ್ತಿ ಮೇಲೆ ಕೂತು ಹೊಡೆಯುವ ಹರಟೆಯಲ್ಲಿ. ಆ ಹರಟೆ ಆಶಾ ಕಾರ್ಯಕರ್ತೆಯ ಕಿವಿಗೆ ಬಿದ್ದರೆ ಮಾರನೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದವರು ಬರುತ್ತಾರೆ, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ ಮನೆಮನೆಗೆ ಬರುತ್ತೆ. 2024ರ ಆರಂಭದಲ್ಲಿ ಸಿದ್ದಾಪುರದ ಕೊರ್ಲಕೈ ಸುತ್ತ ಜ್ವರ ಹೆಚ್ಚಿದಾಗ ಕೈಯಲ್ಲಿ ಲಸಿಕೆಯೂ ಇರಲಿಲ್ಲ, ಹಳೇ ಲಸಿಕೆ ಸರಿಯಾಗಿ ಕಾಪಾಡುವುದಿಲ್ಲ ಅಂತ 2022ರಲ್ಲೇ ನಿಲ್ಲಿಸಿದ್ದರು. ಉಳಿದದ್ದು ಎಣ್ಣೆ, ಎಚ್ಚರಿಕೆ, ಮತ್ತೆ ಈ ಬಾಯಿಂದ ಬಾಯಿಗೆ ಹೋಗುವ ಸುದ್ದಿ. ಯಾರ ಮನೆಯಲ್ಲಿ ಜ್ವರ ಅಂದರೆ ಊರು ದೂರ ಇಡುತ್ತೋ, ಆ ಮನೆಯವರು ಜ್ವರವನ್ನೇ ಮುಚ್ಚಿಡುತ್ತಾರೆ. ಊರ ದೇವತೆ ಚೌಡಿಗೆ ಕಾಯಿ ಒಡೆಸಿ ಸುಮ್ನೆ ಕೂರುತ್ತಾರೆ. ಕಾಯಿ ಒಡೆಸಿ, ಬೇಡ ಅನ್ನುವುದಿಲ್ಲ. ರಕ್ತ ಪರೀಕ್ಷೆಗೆ ಕೊಟ್ಟು ಬಂದು ಒಡೆಸಿ.

ಎರಡನೆಯದು ಇನ್ನೂ ಮುಖ್ಯ. ಈ ಜ್ವರಕ್ಕೆ ವೈರಸ್ ಕೊಲ್ಲುವ ಔಷಧಿ ಇಲ್ಲ. ನೀರಿನಂಶ, ರಕ್ತದೊತ್ತಡ, ಪ್ಲೇಟ್ಲೆಟ್ ನೋಡಿಕೊಂಡು ಕಾಯುವುದೇ ಚಿಕಿತ್ಸೆ. ನೂರರಲ್ಲಿ 3ರಿಂದ 5 ಜನ ಸಾಯುತ್ತಾರೆ. ಮೈಕೈ ನೋವು ಅಂತ ಅಂಗಡಿಯಿಂದ ಆಸ್ಪಿರಿನ್ ಥರದ ಗುಳಿಗೆ ತಂದು ನುಂಗಿದರೆ ರಕ್ತಸ್ರಾವ ಜಾಸ್ತಿ ಆಗಬಹುದು. ಮತ್ತೆ, 10ರಿಂದ 20 ಶೇಕಡಾ ಜನರಿಗೆ ಜ್ವರ ಬಿಟ್ಟು ಒಂದೆರಡು ವಾರ ಆರಾಮಾಗಿದ್ದ ಮೇಲೆ ಎರಡನೇ ಸಲ ಜ್ವರ ಬರುತ್ತೆ. ಆಗ ವಿಪರೀತ ತಲೆನೋವು, ಕೈ ನಡುಕ, ಮಾತು ಅಡ್ಡಾದಿಡ್ಡಿ. ರೋಗಿಗೆ ತನಗೇನಾಗಿದೆ ಅಂತ ಗೊತ್ತಾಗುವುದಿಲ್ಲ. ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ, ಮಕ್ಕಳು ಬೆಂಗಳೂರಲ್ಲಿ. ಅಂಥ ಮನೆಗೆ ದಿನಕ್ಕೊಮ್ಮೆ ಪಕ್ಕದವರು ಇಣುಕಿ "ಹೇಗಿದ್ದೀರಿ ಭಾವಾ, ಊಟ ಸೇರ್ತಾ?" ಅಂತ ಕೇಳಿದರೆ ಸಾಕು, ಉತ್ತರ ಎಡವಟ್ಟಾಗಿದ್ದರೆ ಅಲ್ಲೇ ಗೊತ್ತಾಗುತ್ತೆ. ಆಮೇಲೆ ಜೀಪು ಹುಡುಕಬೇಕು, ಘಟ್ಟ ಇಳಿದು ಹೊನ್ನಾವರ, ಭಟ್ಕಳ ದಾಟಿ ಮಣಿಪಾಲ ಮುಟ್ಟಬೇಕು, ಇಲ್ಲ ಶಿವಮೊಗ್ಗಕ್ಕೆ ಓಡಬೇಕು. ಎರಡೂ ಕಡೆಗೆ ತಾಸುಗಟ್ಟಲೆ ದಾರಿ. ಜೊತೆಗೆ ಹೋಗಲಿಕ್ಕೆ ಒಬ್ಬರು, ಕೊಟ್ಟಿಗೆಯ ದನಕ್ಕೆ ಹುಲ್ಲು ಹಾಕಲಿಕ್ಕೆ ಇನ್ನೊಬ್ಬರು ಬೇಕು.