ಕಿರುಹೊಳೆಯ ನಿಜವಾದ ಅಗಲ

ಬೇಸಾಯದ ಬಯಲಿನಲ್ಲಿ ಹರಿಯುವ ಸಣ್ಣ ಹೊಳೆಯನ್ನು ನೀರಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅಳೆದರೆ ಕೆಲವೇ ಹೆಜ್ಜೆಗಳ ಅಗಲ ಸಿಗುತ್ತದೆ. ಹೊಳೆಯ ನಡೆಯನ್ನು ಅರಿಯಲು ಆ ಅಳತೆ ಸಾಲದು. ಮಳೆ ನಿಂತು ಬಹಳ ದಿನಗಳಾದ ಮೇಲೂ ಪಾತ್ರದಲ್ಲಿ ನೀರು ಹರಿಯುತ್ತಿದ್ದರೆ, ಅದರ ಬಹುಪಾಲು ಅಂತರ್ಜಲದಿಂದ ಒಸರಿ ಬಂದದ್ದು. ಹಿಂದೆಂದೋ ಇಕ್ಕೆಲದ ಹೊಲಗಳಲ್ಲಿ ಬಿದ್ದು, ಬೇರುಗಳಿಗೆ ಸಿಗದೆ ಕೆಳಗಿಳಿದ ಮಳೆನೀರು ಮಣ್ಣಿನ ಕಣಗಳ ಸಂದಿನಲ್ಲಿ ನಿಧಾನವಾಗಿ ಸಾಗಿ, ವಾರಗಳೋ ವರ್ಷಗಳೋ ಕಳೆದ ಮೇಲೆ ಹೊಳೆಯನ್ನು ಸೇರುತ್ತದೆ. ಸುತ್ತಲಿನ ಬಾವಿಗಳಿಂದ ಮಿತಿಮೀರಿ ನೀರೆತ್ತಿದ ಕಾರಣ ಅಂತರ್ಜಲದ ಮಟ್ಟ ಪಾತ್ರದ ತಳಕ್ಕಿಂತ ಕೆಳಗಿಳಿದರೆ ಈ ಸಂಬಂಧ ತಿರುಗುಮುರುಗಾಗಿ, ಹೊಳೆಯ ನೀರೇ ನೆಲಕ್ಕೆ ಇಂಗತೊಡಗುತ್ತದೆ.

ಉಗಮದ ಬಳಿಯ ತೊರೆಗಳು ನಕ್ಷೆಗಳಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಆದರೂ ಯಾವುದೇ ನದೀಜಾಲದ ಒಟ್ಟು ಉದ್ದದಲ್ಲಿ ಹೆಚ್ಚಿನ ಪಾಲು ಇಂಥ ಪುಟ್ಟ ತೊರೆಗಳದ್ದೇ. ಅವು ಕೂಡಿಕೊಂಡು ಬಯಲಿಗಿಳಿದು ಇಳಿಜಾರು ಕಡಿಮೆಯಾದಲ್ಲಿ ಹೊಳೆ ಬಳುಕಲು ಆರಂಭಿಸುತ್ತದೆ.

ಈ ಬಳುಕಿನ ಕಾರಣವನ್ನು 1926ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಚಹಾ ಬಟ್ಟಲಿನ ಉದಾಹರಣೆಯಿಂದ ವಿವರಿಸಿದರು. ಚಹಾವನ್ನು ಚಮಚದಿಂದ ತಿರುವಿದರೆ ಎಲೆಯ ಚೂರುಗಳು ಬಟ್ಟಲಿನ ಅಂಚಿಗೆ ಹೋಗದೆ ತಳದ ನಡುವೆ ಸೇರುತ್ತವೆ. ತಳಕ್ಕೆ ಉಜ್ಜಿ ನಿಧಾನಗೊಂಡ ದ್ರವ ಒಳಮುಖವಾಗಿ ಹರಿಯುವುದೇ ಇದಕ್ಕೆ ಕಾರಣ. ಹೊಳೆಯ ತಿರುವಿನಲ್ಲೂ ಹಾಗೆಯೇ, ಮೇಲಿನ ವೇಗದ ನೀರು ಹೊರದಡದತ್ತ ನುಗ್ಗಿ ಅದನ್ನು ಕೊರೆಯುತ್ತದೆ, ತಳದ ನಿಧಾನ ನೀರು ಮರಳನ್ನೂ ಹೂಳನ್ನೂ ಒಳದಡದತ್ತ ಒಯ್ದು ಬಿಡುತ್ತದೆ. ಹೀಗೆ ವರ್ಷದಿಂದ ವರ್ಷಕ್ಕೆ ತಿರುವು ಹೊರಕ್ಕೆ ಸರಿಯುತ್ತಾ, ಬಯಲಿನ ಉದ್ದಗಲಕ್ಕೂ ಮೆಕ್ಕಲು ಮಣ್ಣನ್ನು ಹರಡುತ್ತದೆ. ಇಂದು ಫಲವತ್ತಾದ ಹೊಲವೆನಿಸಿರುವ ಎಷ್ಟೋ ನೆಲ ಹಿಂದೊಮ್ಮೆ ಹೊಳೆಯ ಪಾತ್ರವೇ ಆಗಿತ್ತು.

ಆದ್ದರಿಂದ ಈ ತಿರುವುಗಳನ್ನು ದೋಷವೆಂದು ಬಗೆದು ಹೊಳೆಯನ್ನು ನೇರ ಕಾಲುವೆಯಾಗಿಸುವ ಕೆಲಸವನ್ನು ನಾನು ಒಪ್ಪಲಾರೆ. ಅಷ್ಟೇ ಎತ್ತರವನ್ನು ಕಡಿಮೆ ದೂರದಲ್ಲಿ ಇಳಿಯಬೇಕಾದ ನೀರು ರಭಸಗೊಂಡು ತಳವನ್ನು ಕೊರೆಯುತ್ತದೆ, ತಳ ಇಳಿದಂತೆ ಅಕ್ಕಪಕ್ಕದ ಹೊಲಗಳ ಅಂತರ್ಜಲವೂ ಇಳಿಯುತ್ತದೆ, ಕೆಳಹರಿವಿನ ಊರುಗಳಿಗೆ ನೆರೆ ಬೇಗ ತಲುಪುತ್ತದೆ.

ಹೊಲಕ್ಕೂ ನೀರಿಗೂ ನಡುವಿನ ಹುಲ್ಲು, ಪೊದೆ, ಮರಗಳ ಪಟ್ಟಿಯದು ಇನ್ನೂ ಸೂಕ್ಷ್ಮವಾದ ಕೆಲಸ. ಹೊಲದ ಗೊಬ್ಬರದಲ್ಲಿರುವ ರಂಜಕವು ಹೆಚ್ಚಾಗಿ ಮಣ್ಣಿನ ಕಣಗಳಿಗೆ ಅಂಟಿಕೊಂಡೇ ಹರಿದುಬರುವುದರಿಂದ, ಹುಲ್ಲು ನೀರಿನ ವೇಗ ತಗ್ಗಿಸಿದಾಗ ಅದರಲ್ಲಿ ಬಹಳಷ್ಟು ಅಲ್ಲೇ ತಂಗುತ್ತದೆ. ಬೆಳೆ ಬಳಸದೆ ಉಳಿದ ನೈಟ್ರೇಟ್ ಎಂಬ ಸಾರಜನಕದ ಪೋಷಕಾಂಶ ಮಾತ್ರ ನೀರಿನಲ್ಲಿ ಕರಗಿ ನೆಲದಡಿ ಸಾಗುತ್ತದೆ. ದಡದ ತೇವದ ಮಣ್ಣಿನಲ್ಲಿ ಆಮ್ಲಜನಕ ವಿರಳ. ಅಲ್ಲಿನ ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ಆಮ್ಲಜನಕದ ಬದಲು ನೈಟ್ರೇಟನ್ನೇ ಬಳಸಿ, ಅದನ್ನು ಬಹುಮಟ್ಟಿಗೆ ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಅವುಗಳಿಗೆ ಬೇಕಾದ ಇಂಗಾಲ ಕೊಳೆತ ಎಲೆ ಮತ್ತು ಬೇರುಗಳಿಂದ ಒದಗುತ್ತದೆ. ಆದರೆ ಹೊಲದ ಬಸಿಗಾಲುವೆಯೋ ನೆಲದಡಿಯ ಕೊಳವೆಯೋ ನೇರವಾಗಿ ಪಾತ್ರಕ್ಕೆ ತೆರೆದುಕೊಂಡಿದ್ದರೆ, ದಡದ ಪಟ್ಟಿ ಎಷ್ಟೇ ಅಗಲವಾಗಿದ್ದರೂ ಆ ನೀರು ಈ ಮಣ್ಣನ್ನು ಮುಟ್ಟದೆಯೇ ಹೊಳೆ ಸೇರುತ್ತದೆ.