ಮರದ ಬಾತುಗಳ ಸುಳ್ಳು ಹಿಂಡು

ನೀರಿನಲ್ಲಿ ಒಂದು ಮರದ ಪೆಟ್ಟಿಗೆ. ಆಕಾರ ಥೇಟ್ ಹೆಣದ ಪೆಟ್ಟಿಗೆಯದು. ಒಳಗೆ ಕೋವಿ ಹಿಡಿದ ಬೇಟೆಗಾರ ಅಂಗಾತ ಮಲಗಿದ್ದಾನೆ, ನೀರಿನ ಮಟ್ಟಕ್ಕಿಂತ ಕೆಳಗೆ. ಪೆಟ್ಟಿಗೆ ಚೆನ್ನಾಗಿ ತಗ್ಗಿರಲಿ ಅಂತ ಅದರ ಅಂಚಿನ ಹಲಗೆಗಳ ಮೇಲೆ ಎರಕದ ಕಬ್ಬಿಣದ ಬಾತುಗಳ ಭಾರ. ಸುತ್ತಲೂ ನೂರಾರು ಮರದ ಬಾತುಗಳು ಅಲೆಗೆ ತಕ್ಕಂತೆ ತಲೆದೂಗುತ್ತಿವೆ. ಹಾರುವ ಬಾತುಗಳನ್ನು ಸೆಳೆಯಲು ತೇಲಿಬಿಡುವ ಈ ಸುಳ್ಳು ಬಾತಿಗೆ ಡಿಕಾಯ್ ಅನ್ನುತ್ತಾರೆ.

ಪೆಟ್ಟಿಗೆಗೆ ಸಿಂಕ್‌ಬಾಕ್ಸ್ ಎಂದು ಹೆಸರು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ, ಚೆಸಪೀಕ್ ಕೊಲ್ಲಿಯ ಮೇಲ್ತುದಿಯಲ್ಲಿರುವ ಹ್ಯಾವರ್ ಡಿ ಗ್ರೇಸ್ ಎಂಬ ಪುಟ್ಟ ಊರು ತನ್ನನ್ನು ‘ಜಗತ್ತಿನ ಡಿಕಾಯ್ ರಾಜಧಾನಿ’ ಎಂದು ಕರೆದುಕೊಳ್ಳುತ್ತದೆ. ಅದಕ್ಕೆ ಮುಖ್ಯ ಕಾರಣ ಈ ಪೆಟ್ಟಿಗೆ. ಒಂದು ಪೆಟ್ಟಿಗೆಗೆ ನೂರಾರು ಬಾತು ಬೇಕು ಅಂದಮೇಲೆ ಕೆತ್ತುವವರಿಗೆ ಕೆಲಸಕ್ಕೇನು ಕೊರತೆ?

ಡಿಕಾಯ್ ಎಂಬ ಪದ ಡಚ್ಚರಿಂದ ಬಂದದ್ದು ಅನ್ನುತ್ತಾರೆ. ಅವರ ‘ಕೋಯ್’ ಅಂದರೆ ಪಂಜರ. ನಮ್ಮ ಹಳೆಯ ಕನ್ನಡದಲ್ಲೂ ಇದಕ್ಕೊಂದು ಮಾತಿದೆ: ದೀಹ. ಕಾಡಿನ ಪ್ರಾಣಿಯನ್ನು ಸೆಳೆಯಲು ಪಳಗಿಸಿಟ್ಟ ಪ್ರಾಣಿ. ಡಿಕಾಯ್ ಅಂದರೆ ಜೀವವಿಲ್ಲದ ದೀಹ ಅಂದುಕೊಳ್ಳಿ.

ಈ ಉಪಾಯ ಬಂದೂಕಿಗಿಂತ ಎಷ್ಟೋ ಹಳೆಯದು. 1924ರಲ್ಲಿ ನೆವಾಡಾದ ಲವ್‌ಲಾಕ್ ಗುಹೆಯನ್ನು ಅಗೆದಾಗ ಜೊಂಡಿನಿಂದ ಮಾಡಿದ 11 ಬಾತುಗಳು ಸಿಕ್ಕವು. ವಯಸ್ಸು ಸುಮಾರು 2000 ವರ್ಷ. ಜೊಂಡನ್ನು ಕಟ್ಟಿ ಮೈ ಮಾಡಿ, ಬಣ್ಣ ಬಳಿದು, ಬಿಳಿ ಗರಿ ಸಿಕ್ಕಿಸಿದ್ದರು. ಅವು ಕ್ಯಾನ್ವಾಸ್‌ಬ್ಯಾಕ್ ಜಾತಿಯ ಬಾತಿನ ರೂಪ. ಎರಡು ಸಾವಿರ ವರ್ಷದ ನಂತರ ಚೆಸಪೀಕ್‌ನಲ್ಲಿ ಎಲ್ಲರೂ ಬೆನ್ನುಹತ್ತಿದ್ದೂ ಇದೇ ಬಾತನ್ನು!

ಬಾತುಗಳದು ಗುಂಪಿನ ಬುದ್ಧಿ. ಕೆಳಗೆ ತಮ್ಮವರು ಆರಾಮಾಗಿ ತೇಲುತ್ತಿದ್ದರೆ ಜಾಗ ಸುರಕ್ಷಿತ ಅಂತ ಇಳಿಯುತ್ತವೆ. ಗಾಳಿಗೆ ಎದುರಾಗಿ ಇಳಿಯುವುದು ಅವುಗಳ ರೂಢಿ. ಅದಕ್ಕೇ ಬೇಟೆಗಾರ ಮರದ ಹಿಂಡಿನ ನಡುವೆ ಇಳಿಯಲು ಒಂದಿಷ್ಟು ನೀರು ಖಾಲಿ ಬಿಡುತ್ತಾನೆ. ಕತ್ತು ನೆಟ್ಟಗೆ ಚಾಚಿದ ಬಾತು ಅಂದರೆ ಗಾಬರಿಯ ಗುರುತು. ಹಾಗಾಗಿ ಹೆಚ್ಚಿನ ಡಿಕಾಯ್‌ಗಳ ತಲೆ ತಗ್ಗಿರುತ್ತದೆ. ಬಣ್ಣ ಹೊಳೆಯಬಾರದು. ಬಿಸಿಲಿಗೆ ಮಿಂಚಿದರೆ ಕೆಲಸ ಕೆಟ್ಟಿತು.

ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ರೈಲು ಮತ್ತು ಮಂಜುಗಡ್ಡೆ ಸೇರಿ ಈ ಬೇಟೆಯನ್ನು ದೊಡ್ಡ ವ್ಯಾಪಾರ ಮಾಡಿದವು. ದೊಡ್ಡ ಊರುಗಳ ಹೋಟೆಲುಗಳಲ್ಲಿ ಕ್ಯಾನ್ವಾಸ್‌ಬ್ಯಾಕ್ ಮಾಂಸಕ್ಕೆ ಒಳ್ಳೆ ಬೆಲೆ. ಹಕ್ಕಿಗಳು ಕರಗುತ್ತಾ ಬಂದವು. 1918ರ ವಲಸೆ ಹಕ್ಕಿಗಳ ಕಾಯ್ದೆ ಮಾರಾಟಕ್ಕಾಗಿ ಕೊಲ್ಲುವುದನ್ನು ನಿಲ್ಲಿಸಿತು. 1935ರಲ್ಲಿ ಸಿಂಕ್‌ಬಾಕ್ಸೂ ಹೋಯಿತು, ಕಾಲಿಗೆ ದಾರ ಕಟ್ಟಿ ಬಿಡುತ್ತಿದ್ದ ಜೀವಂತ ದೀಹದ ಬಾತುಗಳೂ ಹೋದವು. ಮರದ ಬಾತನ್ನು ಮಾತ್ರ ಕಾನೂನು ಮುಟ್ಟಲಿಲ್ಲ. ಅದು ಕೆಲಸಕ್ಕೆ ಉಳಿದುಕೊಂಡಿತು.

ಕೆತ್ತುವವರು ಯಾರು ಗೊತ್ತಾ? ಹ್ಯಾವರ್ ಡಿ ಗ್ರೇಸ್‌ನ ಹೆಸರಾಂತ ಕುಶಲಿ ಮ್ಯಾಡಿಸನ್ ಮಿಚೆಲ್ ಶವಸಂಸ್ಕಾರದ ಕಸುಬಿನವರು. ಅದೇ ಕೊಲ್ಲಿಯ ಕ್ರಿಸ್‌ಫೀಲ್ಡ್‌ನ ಲೆಮ್ ಮತ್ತು ಸ್ಟೀವ್ ವಾರ್ಡ್ ಸಹೋದರರು ಕ್ಷೌರಿಕರು. ಗಿರಾಕಿ ಇಲ್ಲದಾಗ ಬಾತು ಕೆತ್ತುವುದು!

ಕೆಲಸ ಸರಳವಾಗಿ ಕಾಣುತ್ತದೆ, ಆದರೆ ಅಲ್ಲ. ಮೊದಲು ಹಗುರವಾದ, ಬೇಗ ಕೊಳೆಯದ ಸೀಡರ್ ಮರದ ತುಂಡು. ಕೈಕೊಡಲಿಯಿಂದ ಒರಟಾಗಿ ಆಕಾರ ತರುತ್ತಾರೆ. ಆಮೇಲೆ ಎರಡು ಹಿಡಿಯ ಉದ್ದ ಕತ್ತಿಯನ್ನು ಎದೆಯ ಕಡೆಗೆ ಎಳೆದೆಳೆದು ಬೆನ್ನು, ಬಾಲ ತಿದ್ದುತ್ತಾರೆ. ಸಿಪ್ಪೆ ಸುರುಳಿ ಸುರುಳಿಯಾಗಿ ಮಡಿಲಿಗೆ ಬೀಳುತ್ತದೆ. ತಲೆ ಬೇರೆ ತುಂಡು. ಮೊಳೆ ಹೊಡೆದು ಕೂರಿಸಬೇಕು. ಉಪ್ಪುಕಾಗದದಿಂದ ಉಜ್ಜಿ, ಬಣ್ಣ ಹಚ್ಚಿ, ಹೊಟ್ಟೆಗೆ ಸೀಸದ ತೂಕ ಹೊಡೆಯುವುದು ಕೊನೆಗೆ. ಆ ತೂಕದ್ದೇ ಪರೀಕ್ಷೆ: ನೀರಿಗೆ ತಲೆಕೆಳಗಾಗಿ ಎಸೆದರೂ ಬಾತು ಮಗುಚಿ ನೆಟ್ಟಗೆ ಕೂರಬೇಕು. ಮಿಚೆಲ್ ಅವರು ಮೈಯ ಆಕಾರಕ್ಕೆ ಲೇತ್ ಯಂತ್ರ ಬಳಸಿದರು. ಸಾವಿರಗಟ್ಟಲೆ ಮಾಡುವವರು ಮತ್ತೇನು ಮಾಡಿಯಾರು?

ಎರಡನೇ ಮಹಾಯುದ್ಧದ ನಂತರ ಪ್ಲಾಸ್ಟಿಕ್ ಬಾತು ಬಂತು. ಅಗ್ಗ, ಹಗುರ. ಮರದ್ದು ಮೆಲ್ಲಗೆ ದೋಣಿಯಿಂದ ಶೋಕೇಸಿಗೆ ಸರಿಯಿತು. ನ್ಯೂಯಾರ್ಕಿನ ವಾಸ್ತುಶಿಲ್ಪಿ ಜೋಯೆಲ್ ಬಾರ್ಬರ್ ಇವುಗಳನ್ನು ಜಾನಪದ ಕಲೆ ಎಂದು ಕೂಡಿಡಲು ಶುರುಮಾಡಿದ್ದು ಅದಕ್ಕೂ ಎಷ್ಟೋ ಮೊದಲು. 2007ರಲ್ಲಿ ಮ್ಯಾಸಚೂಸೆಟ್ಸ್‌ನ ಎಲ್ಮರ್ ಕ್ರೋವೆಲ್ ಕೆತ್ತಿದ ಎರಡು ಡಿಕಾಯ್‌ಗಳು ತಲಾ 11.3 ಲಕ್ಷ ಡಾಲರಿಗೆ ಮಾರಾಟವಾದವು. ಒಂದು ಹೆಬ್ಬಾತು. ಇನ್ನೊಂದು ಗರಿ ತೀಡಿಕೊಳ್ಳುತ್ತಿರುವ ಸೂಜಿಬಾಲದ ಬಾತು, ಚಳಿಗಾಲದಲ್ಲಿ ನಮ್ಮ ಕೆರೆಗಳಿಗೂ ಬರುವ ಅದೇ ಜಾತಿ.

ಒಂದು ತಮಾಷೆ ಹೇಳಿ ಮುಗಿಸುತ್ತೇನೆ. ಉಪ್ಪುನೀರಿಗೆ, ಬಿಸಿಲಿಗೆ ಬಣ್ಣ ಹೋಗುತ್ತಲ್ವಾ? ಅಚ್ಚುಕಟ್ಟಿನ ಬೇಟೆಗಾರ ಸೀಸನ್ ಶುರುವಾಗುವ ಮೊದಲು ಬ್ರಷ್ ಹಿಡಿದು ಕೂತು ಹೊಸ ಬಣ್ಣ ಹಚ್ಚುತ್ತಿದ್ದ. ಈಗ ಸಂಗ್ರಹಕಾರರು ಮೊದಲು ನೋಡುವುದೇ ಮೂಲ ಬಣ್ಣ ಉಳಿದಿದೆಯಾ ಅಂತ. ಮೈಯಲ್ಲಿ ಚರೆಯ ತೂತಿದ್ದರೂ ಅಷ್ಟು ಬೇಸರವಿಲ್ಲ. ಮೇಲೆ ಇನ್ನೊಂದು ಕೋಟ್ ಬಿದ್ದಿದ್ದರೆ ಮಾತ್ರ ಬೆಲೆ ಅಲ್ಲೇ ಇಳಿಯಿತು.