ಫರ್ಮಾ ನಂಬಿದ್ದ 4294967297

ಮೂವತ್ತೆರಡು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಗುಣಲಬ್ಧಕ್ಕೆ ಒಂದನ್ನು ಕೂಡಿಸಿದರೆ, ಅಂದರೆ 2³² + 1 ಎಂದು ಲೆಕ್ಕ ಹಾಕಿದರೆ, 4294967297 ದೊರೆಯುತ್ತದೆ. ನಾನೂರ ಇಪ್ಪತ್ತೊಂಬತ್ತು ಕೋಟಿಗೂ ಮೀರಿದ ಈ ಸಂಖ್ಯೆ ಅವಿಭಾಜ್ಯವೆಂದು 17ನೇ ಶತಮಾನದ ಮಹಾನ್ ಗಣಿತಜ್ಞ ಪಿಯರ್ ದ ಫರ್ಮಾ ದೃಢವಾಗಿ ನಂಬಿದ್ದರು. ಅದಕ್ಕೆ ಕಾರಣವೂ ಇತ್ತು. ಎರಡರ ಘಾತಸೂಚಿಯಾಗಿ 1, 2, 4, 8, 16 ಇವುಗಳನ್ನು ತೆಗೆದುಕೊಂಡು ಒಂದು ಕೂಡಿಸಿದರೆ ಕ್ರಮವಾಗಿ 3, 5, 17, 257, 65537 ಬರುತ್ತವೆ. ಐದೂ ಅವಿಭಾಜ್ಯ ಸಂಖ್ಯೆಗಳೇ. ಈ ಸಾಲಿನ ಆರನೆಯದು ನಮ್ಮ ಸಂಖ್ಯೆ.

1732ರಲ್ಲಿ ಲಿಯೊನಾರ್ಡ್ ಆಯ್ಲರ್ ಆ ನಂಬಿಕೆಯನ್ನು ಮುರಿದರು: 4294967297 = 641 × 6700417.

ಆಯ್ಲರ್ ಮುಂದೆ ವಿವರಿಸಿದ ತರ್ಕವನ್ನು ನೋಡಿದರೆ, 641 ಸಿಕ್ಕಿದ್ದು ಕುರುಡು ಹುಡುಕಾಟದಿಂದಲ್ಲ ಎಂದು ತಿಳಿಯುತ್ತದೆ. ಒಂದು ಅವಿಭಾಜ್ಯ ಸಂಖ್ಯೆ 2³² + 1 ನ್ನು ನಿಶ್ಶೇಷವಾಗಿ ಭಾಗಿಸುವುದಾದರೆ, ಅದರಿಂದ 2³² ನ್ನು ಭಾಗಿಸಿದಾಗ ಶೇಷ −1 ಆಗಬೇಕು (ಅಂದರೆ ನಿಶ್ಶೇಷವಾಗಿ ಭಾಗವಾಗಲು ಒಂದು ಕಡಿಮೆ ಬೀಳಬೇಕು), 2⁶⁴ ನ್ನು ಭಾಗಿಸಿದಾಗ ಶೇಷ ಮೊತ್ತಮೊದಲ ಬಾರಿಗೆ 1 ಆಗಬೇಕು. ಹಾಗಾದಾಗ ಆ ಭಾಜಕವು 64ರ ಯಾವುದೋ ಗುಣಕಕ್ಕಿಂತ ಸರಿಯಾಗಿ ಒಂದು ಹೆಚ್ಚು ಇರಲೇಬೇಕು. ಇಂಥ ಅವಿಭಾಜ್ಯಗಳು 193, 257, 449, 577, 641 ಎಂದು ಸಾಗುತ್ತವೆ. ಐದನೆಯ ಭಾಗಾಕಾರದಲ್ಲಿಯೇ ಉತ್ತರ ಕೈಗೆ ಬರುತ್ತದೆ. ಈ ತರ್ಕಕ್ಕೆ ಆಧಾರವಾಗಿರುವುದು ಫರ್ಮಾ 1640ರಲ್ಲಿ ತಾವೇ ತಿಳಿಸಿದ ಪ್ರಮೇಯ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಬೀಗದ ಕೈ ಅವರ ಬಳಿಯೇ ಇತ್ತು.

641ರಿಂದ ಭಾಗವಾಗುತ್ತದೆಯೆಂಬುದನ್ನು ಹತ್ತಂಕಿಯ ಭಾಗಾಕಾರ ಮಾಡದೆಯೂ ತೋರಿಸಬಹುದು. 641 ಎಂದರೆ 5 × 2⁷ + 1. ಆದ್ದರಿಂದ 5 × 2⁷ ನ್ನು 641ರಿಂದ ಭಾಗಿಸಿದಾಗ ಶೇಷವನ್ನು −1 ಎಂದು ಬರೆಯಬಹುದು. ನಾಲ್ಕನೇ ಘಾತಕ್ಕೆ ಏರಿಸಿದರೆ 5⁴ × 2²⁸ರ ಶೇಷ 1 ಆಗುತ್ತದೆ. ಅದೇ 641 ಎಂಬುದು 625 + 16, ಅಂದರೆ 5⁴ + 2⁴ ಕೂಡ ಹೌದು. ಹೀಗಾಗಿ ಶೇಷದ ಲೆಕ್ಕದಲ್ಲಿ 5⁴ರ ಜಾಗದಲ್ಲಿ −2⁴ ಇಡಬಹುದು. ಇಟ್ಟ ಕೂಡಲೇ −2³²ರ ಶೇಷ 1 ಎಂದಾಗುತ್ತದೆ, ಅಂದರೆ 2³² + 1ರಲ್ಲಿ ಶೇಷವೇ ಉಳಿಯುವುದಿಲ್ಲ. ಒಂದೇ ಸಂಖ್ಯೆಯನ್ನು ಎರಡು ಬಗೆಯಲ್ಲಿ ಬರೆದದ್ದಷ್ಟೇ ಇಲ್ಲಿಯ ಉಪಾಯ. ಅಂಕಗಣಿತದಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಸಾಧನೆಗಳು ವಿರಳ.

ಫರ್ಮಾನ ಸಾಲಿನಲ್ಲಿ 65537ರ ನಂತರ ಇನ್ನೊಂದು ಅವಿಭಾಜ್ಯ ಈವರೆಗೆ ಸಿಕ್ಕಿಲ್ಲ. ಮುಂದಿನ ಸಂಖ್ಯೆಯಾದ 2⁶⁴ + 1 ಕೂಡ ವಿಭಾಜ್ಯವೇ. 274177 ಅದರ ಒಂದು ಅಪವರ್ತನ.

ನಮ್ಮ ಸಂಖ್ಯೆಯಿಂದ ಎರಡು ಕಳೆದರೆ ಬರುವ 4294967295 ಮಾತ್ರ ಬೇರೆಯೇ ಭಾಗ್ಯ ಪಡೆದಿದೆ. ಅದು 3 × 5 × 17 × 257 × 65537. ಗೊತ್ತಿರುವ ಐದೂ ಫರ್ಮಾ ಅವಿಭಾಜ್ಯಗಳ ಗುಣಲಬ್ಧ. ಗಣಿತಜ್ಞರಾದ ಗಾಸ್ ಮತ್ತು ವಾಂಟ್ಸೆಲ್ ಸಾಧಿಸಿದ ಪ್ರಮೇಯದಂತೆ, ಬೆಸ ಸಂಖ್ಯೆಯ ಬಾಹುಗಳಿರುವ ನಿಯಮಿತ ಬಹುಭುಜವನ್ನು ಗುರುತಿಲ್ಲದ ಅಳತೆಪಟ್ಟಿ ಮತ್ತು ಕೈವಾರದಿಂದಲೇ ರಚಿಸಲು ಸಾಧ್ಯವಾಗಬೇಕಾದರೆ, ಬಾಹುಗಳ ಸಂಖ್ಯೆ ಒಂದು ಫರ್ಮಾ ಅವಿಭಾಜ್ಯವಾಗಿರಬೇಕು ಅಥವಾ ಬೇರೆಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧವಾಗಿರಬೇಕು. ಆದ್ದರಿಂದ 4294967295 ಬಾಹುಗಳ ಆಕೃತಿಯನ್ನು ತತ್ತ್ವಶಃ ರಚಿಸಬಹುದು, ಮತ್ತು ಹಾಗೆ ರಚಿಸಬಹುದೆಂದು ಗೊತ್ತಿರುವ ಬೆಸ ಬಹುಭುಜಗಳಲ್ಲಿ ಅದೇ ಅತಿ ದೊಡ್ಡದು. ಅದಕ್ಕಿಂತ ಎರಡೇ ಬಾಹು ಹೆಚ್ಚಿರುವ 4294967297ರದ್ದನ್ನು ರಚಿಸಲು ಸಾಧ್ಯವೇ ಇಲ್ಲ.